ಒಂದು ಸಮಚಿಹ್ನೆ ಕಡಿಮೆ

ಮಧುಮತಿ ಜಮಖಂಡಿಯ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ವೆಬ್ ಪ್ರೋಗ್ರಾಮಿಂಗ್ ಕಲಿಸುತ್ತಿದ್ದಳು. ಆ ವಿಷಯಕ್ಕೆ ಅಂಗಡಿಯಲ್ಲಿ ಸಿಗುತ್ತಿದ್ದ ಪುಸ್ತಕಗಳು ಇಟ್ಟಂಗಿಯಷ್ಟು ದಪ್ಪ. ಕನ್ನಡ ಸಾಲಿಯಲ್ಲಿ ಓದಿ ಬಂದ ಮಕ್ಕಳಿಗೆ ಅವುಗಳ ಇಂಗ್ಲಿಷು ತಲೆಗೆ ಹತ್ತುತ್ತಲೇ ಇರಲಿಲ್ಲ. ಅದಕ್ಕೇ ಅವಳು ಎರಡು ವರ್ಷ ಕೂತು ತಾನೇ ಒಂದು ಪುಸ್ತಕ ಬರೆದಳು. ಪ್ರೋಗ್ರಾಮಿನ ಪ್ರತಿ ಸಾಲಿನ ಕೆಳಗೆ ಅದು ಏನು ಮಾಡುತ್ತದೆಂದು ಕನ್ನಡದಲ್ಲಿ ಬಿಡಿಸಿ ಹೇಳಿದ್ದಳು. ಜಮಖಂಡಿಯಲ್ಲೇ ಪುಸ್ತಕದಂಗಡಿ ಇಟ್ಟುಕೊಂಡು ಗೈಡುಗಳನ್ನು ಅಚ್ಚು ಹಾಕಿಸುತ್ತಿದ್ದ ಅಣ್ಣಾಸಾಹೇಬ ಅದನ್ನು ಪ್ರಕಟಿಸಿದ. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಆ ವಿಷಯಕ್ಕೆ ಪಠ್ಯಪುಸ್ತಕ ಅಂತ ಸೇರಿದ್ದು ಅದೊಂದೇ.

ಎರಡು ಸಾವಿರದ ಆರನೇ ಇಸವಿ ಡಿಸೆಂಬರಿನಲ್ಲಿ ಪುಸ್ತಕ ಕೈಗೆ ಬಂತು. ಅವಳ ತಾಯಿ ಗುರುಬಸವ್ವ ಮೊದಲ ಪ್ರತಿಯನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದಳು. ಓದು ಬಾರದ ಆಕೆ ರಕ್ಷಾಪುಟದ ಮೇಲಿನ ಮಗಳ ಹೆಸರಿನ ಮೇಲೆ ಬೆರಳಾಡಿಸಿ, ಯಾವ ಅಕ್ಷರ ಯಾವುದು ಅಂತ ಕೇಳಿ ತಿಳಿದುಕೊಂಡಳು.

ಜನವರಿಯಲ್ಲಿ ಹೊಸ ಸೆಮಿಸ್ಟರ್ ಸುರುವಾದಾಗ ಮಧುಮತಿ ಮಕ್ಕಳನ್ನು ಲ್ಯಾಬಿಗೆ ಕರೆದೊಯ್ದು, ಮೂವತ್ತೇಳನೇ ಪುಟದ ಪ್ರೋಗ್ರಾಮ್ ಟೈಪ್ ಮಾಡಲು ಹೇಳಿದಳು. ಪರದೆಯ ಮೇಲೆ ಒಂದು ಸ್ವಾಗತದ ಸಾಲು ಮೂಡಬೇಕು, ಅಷ್ಟೇ. ಇಪ್ಪತ್ತು ಕಂಪ್ಯೂಟರುಗಳಲ್ಲಿ ಒಂದರಲ್ಲೂ ಮೂಡಲಿಲ್ಲ. ಎಲ್ಲ ಪರದೆಗಳೂ ಬಿಳಿ. ಲಕ್ಷ್ಯ ಇಟ್ಟು ಟೈಪ್ ಮಾಡುವುದಿಲ್ಲ ಅಂತ ಅವಳು ಮಕ್ಕಳನ್ನೇ ಬೈದಳು. ಮತ್ತೆ ಮಾಡಿದರು. ಮತ್ತೆ ಬಿಳಿ. ಕೊನೆಗೆ ಒಬ್ಬ ಹುಡುಗಿಯ ಪುಸ್ತಕ ಇಸಿದುಕೊಂಡು ನೋಡಿದಳು.

ಪ್ರೋಗ್ರಾಮಿನ ಪ್ರತಿ ಸಾಲಿನ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಕ್ಯಾಪಿಟಲ್ ಆಗಿತ್ತು. ಕಂಪ್ಯೂಟರಿನ ಆ ಭಾಷೆಯಲ್ಲಿ ಸಣ್ಣ ಅಕ್ಷರ ಬೇರೆ, ದೊಡ್ಡ ಅಕ್ಷರ ಬೇರೆ. ಒಂದು ಬದಲಾದರೆ ಇಡೀ ಪ್ರೋಗ್ರಾಮ್ ಸತ್ತು ಬೀಳುತ್ತದೆ. ಚುಕ್ಕಿ ಬಂದಲ್ಲೆಲ್ಲ ಅದರ ಮುಂದೆ ಒಂದು ಜಾಗ ಬಿಟ್ಟು ಅಲ್ಲಿಯೂ ದೊಡ್ಡ ಅಕ್ಷರ. ಪುಟದ ಅಗಲಕ್ಕೆ ಹಿಡಿಯದ ಉದ್ದ ಶಬ್ದಗಳನ್ನು ನಟ್ಟನಡುವೆ ಮುರಿದು ಒಂದೊಂದು ಅಡ್ಡಗೆರೆ ಹಾಕಲಾಗಿತ್ತು. ಅವಳು ಪುಟ ತಿರುವಿದಳು. ಎಲ್ಲ ಪುಟವೂ ಹಾಗೇ.

ಆ ದಿನ ಮಧ್ಯಾಹ್ನವೇ ಬನಹಟ್ಟಿಯ ಬಸ್ಸು ಹತ್ತಿದಳು. ಅವಳು ಕೊಟ್ಟ ಪ್ರಿಂಟು ನೋಡಿ ಪುಸ್ತಕವನ್ನು ಟೈಪ್ ಮಾಡಿ ಪುಟ ಕಟ್ಟಿದವನು ಅಲ್ಲಿಯ ಕಾಮಣ್ಣ. ಸೀರೆ ಪೆಟ್ಟಿಗೆಯ ಲೇಬಲ್ಲು, ಮದುವೆ ಕಾರ್ಡು ಮಾಡುವುದು ಅವನ ಕಸುಬು. ಸುತ್ತ ಮಗ್ಗಗಳು ಬಡಿಯುತ್ತಿದ್ದ ಓಣಿಯಲ್ಲಿ, ಒಂದು ಸಣ್ಣ ಖೋಲಿಯಲ್ಲಿ ಅವನು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಮಧುಮತಿ ಪುಸ್ತಕ ತೆರೆದು ಅವನ ಮುಂದೆ ಹಿಡಿದಳು. ಎಲ್ಲ ಅಕ್ಷರ ಯಾಕೆ ಬದಲಾದವು ಅಂತ ಕೇಳಿದಳು. ಕಾಮಣ್ಣನಿಗೆ ಅವಳ ಸಿಟ್ಟೇ ಅರ್ಥವಾಗಲಿಲ್ಲ.

"ಅಕ್ಕಾರ, ಸಾಲಿನ ಮೊದಲ ಅಕ್ಷರ ದೊಡ್ಡದಿರಬೇಕಲ್ರಿ. ಚುಕ್ಕಿ ಆದ ಮ್ಯಾಲ ಜಾಗ ಬಿಡಬೇಕು. ಟೈಪಿಂಗ್ ಕ್ಲಾಸಿನ್ಯಾಗ ನಮ್ಮ ಮಾಸ್ತರು ಬೆರಳಿಗೆ ಹೊಡದು ಕಲಿಸ್ಯಾರ" ಎಂದ. "ನೀವು ಕೊಟ್ಟಿದ್ದರಾಗ ಬಾಳ ತಪ್ಪಿದ್ದುವು. ಮಷೀನು ಒಂದಿಷ್ಟು ತಾನ ಸರಿ ಮಾಡ್ತು. ಉಳಿದದ್ದು ನಾ ಕೂತು ಒಂದೊಂದ ತಿದ್ದೀನಿ. ಹದಿನೈದು ದಿನ ಹಿಡೀತು."

ಅದು ಇಂಗ್ಲಿಷ್ ಅಲ್ಲ, ಕಂಪ್ಯೂಟರಿಗೆ ಕೊಡುವ ಅಪ್ಪಣೆ ಅಂತ ಅವಳು ಹೇಳಿ ನೋಡಿದಳು. ಅವನು ಕೇಳಿಸಿಕೊಂಡ, ಆದರೆ ಮುಖ ಸಣ್ಣದು ಮಾಡಿಕೊಂಡ. ಎದ್ದು ಕಪಾಟಿನಿಂದ ಕರಡು ಪುಟಗಳ ಕಟ್ಟು ತೆಗೆದು ಅವಳ ಮುಂದಿಟ್ಟ. ಪ್ರತಿ ಪುಟದ ಕೆಳಗೆ ಅವಳದೇ ಸಹಿ ಇತ್ತು. ಅಚ್ಚಿಗೆ ಹೋಗುವ ಮೊದಲು ಅವಳು ಓದಿ ಒಪ್ಪಿದ ಪುಟಗಳು ಅವು. ಕನ್ನಡದ ವಿವರಣೆಗಳನ್ನು ಕಣ್ಣಿಟ್ಟು ಓದಿದ್ದಳು, ದೀರ್ಘ ತಪ್ಪಿದ್ದನ್ನು ಸಹ ಹಿಡಿದಿದ್ದಳು. ಪ್ರೋಗ್ರಾಮುಗಳನ್ನು ಮಾತ್ರ ಓದಿರಲಿಲ್ಲ. ಅವು ತಾನೇ ಓಡಿಸಿ ನೋಡಿದವು, ಅವುಗಳಲ್ಲಿ ತಪ್ಪೆಲ್ಲಿಂದ ಬರಬೇಕು ಅಂತ ದಾಟಿಸಿಬಿಟ್ಟಿದ್ದಳು.

ಮರುದಿನದಿಂದ ಕಾಲೇಜು ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ತಪ್ಪುಗಳ ಪಟ್ಟಿ ಮಾಡಲು ಹತ್ತಿದಳು. ತನ್ನ ಮೂಲ ಫೈಲನ್ನು ಪ್ರಿಂಟು ತೆಗೆದು ಎಡಕ್ಕಿಟ್ಟಳು, ಪುಸ್ತಕವನ್ನು ಬಲಕ್ಕೆ. ಸ್ಕೇಲಿಟ್ಟು ಸಾಲಿಗೆ ಸಾಲು ಹೋಲಿಸಿದಳು. ಹನ್ನೆರಡು ದಿನ ಹಿಡಿಯಿತು. ಒಂದೇ ತರಹದವನ್ನು ಒಟ್ಟು ಸೇರಿಸಿದ ಮೇಲೂ ಇನ್ನೂರಾ ಹನ್ನೊಂದು ತಪ್ಪು. ರಾತ್ರಿ ಮನೆಯಲ್ಲೂ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ಗೀಚುವುದನ್ನು ನೋಡಿ ಗುರುಬಸವ್ವ ಸಂಕಟಪಟ್ಟಳು. ನಾಲ್ಕು ಮಂದಿಗೆ ತೋರಿಸಿ ಬಂದೀನಿ, ಈಗ ನೀನೇ ಹೀಗೆ ಮಾಡಿದರೆ ಹೇಗೆ ಅಂದಳು. ಮಧುಮತಿ ಮುಂದಿನ ಪುಟ ತಿರುವಿದಳು.

ಪಟ್ಟಿ ಹಿಡಿದುಕೊಂಡು ಅಣ್ಣಾಸಾಹೇಬನ ಅಂಗಡಿಗೆ ಹೋದಳು. ಪುಸ್ತಕ ಹಿಂದಕ್ಕೆ ತರಿಸಿ ಹೊಸದಾಗಿ ಅಚ್ಚು ಹಾಕಿಸಬೇಕು ಅಂದಳು. ಅವನು ನಕ್ಕ. ಕೆಟ್ಟ ಮನುಷ್ಯನಲ್ಲ, ಅವಳಿಗೆ ಚಹಾ ತರಿಸಿದ. ಬಾಗಲಕೋಟೆಯಿಂದ ತೇರದಾಳದವರೆಗೆ ಪುಸ್ತಕ ಹೋಗಿಯಾಗಿದೆ, ಒಬ್ಬರೂ ತಕರಾರು ಮಾಡಿಲ್ಲ ಅಂದ. ಕನಿಷ್ಠ ತಿದ್ದುಪಡಿಯ ಚೀಟಿಯನ್ನಾದರೂ ಅಚ್ಚು ಹಾಕಿಸಿ ಪುಸ್ತಕದೊಳಗೆ ಇಡಿಸಿರಿ ಅಂತ ಅವಳು ಪಟ್ಟು ಹಿಡಿದಳು.

"ಸಂತ್ಯಾಗ ಎತ್ತ ಮಾರೂ ಮುಂದ, ಇದು ಕುಂಟ ಐತಿ ಅಂತ ಯಾರರ ಕೂಗತಾರೇನ್ರಿ ಮೇಡಂ?" ಎಂದ ಅಣ್ಣಾಸಾಹೇಬ.

ಆದರೂ ಅವಳ ಕಾಟ ತಾಳದೆ ಒಪ್ಪಿದ. ಚೀಟಿ ಒಂದೇ ಪುಟದ್ದಿರಬೇಕು, ಅದಕ್ಕೆ ಹಿಡಿಯುವಷ್ಟು ತಪ್ಪು ಮಾತ್ರ ಹಾಕಬೇಕು ಎಂಬ ಕರಾರಿನ ಮೇಲೆ. ಇನ್ನೂರಾ ಹನ್ನೊಂದರಲ್ಲಿ ನಲವತ್ತನ್ನು ಆರಿಸುವುದು ಅವಳಿಗೆ ಪುಸ್ತಕ ಬರೆದದ್ದಕ್ಕಿಂತ ಕಠಿಣವಾಯಿತು. ಆರಿಸಿ, ದುಂಡಗೆ ಬರೆದು ಕೊಟ್ಟಳು. ಈ ಸಲ ಕರಡು ತನಗೆ ತೋರಿಸಬೇಕು ಅಂತ ಹೇಳಿದ್ದಳು. ಅಣ್ಣಾಸಾಹೇಬ ಅವಸರದಲ್ಲಿ ತೋರಿಸಲಿಲ್ಲ. ಒಂದು ವಾರದ ನಂತರ ಚೀಟಿಯ ಕಟ್ಟೇ ಬಂತು. ಎಡಗಡೆ 'ತಪ್ಪು' ಎಂಬ ಕಾಲಂ, ಬಲಗಡೆ 'ಒಪ್ಪು' ಎಂಬ ಕಾಲಂ. ಎರಡರಲ್ಲೂ ಒಂದೇ ಶಬ್ದ, ಒಂದೇ ದೊಡ್ಡ ಅಕ್ಷರ. ಕಾಮಣ್ಣನ ಮಷೀನು ಒಪ್ಪನ್ನೂ ತಿದ್ದಿ ತಪ್ಪು ಮಾಡಿತ್ತು. ನಲವತ್ತು ಸಾಲಿನಲ್ಲಿ ಮೂವತ್ತಮೂರು ಹೀಗೇ. ಅವಳು ಚೀಟಿಗಳ ಕಟ್ಟನ್ನು ಅಂಗಡಿಯ ಮೇಜಿನ ಮೇಲೆಯೇ ಬಿಟ್ಟು ಬಂದಳು. ಅಣ್ಣಾಸಾಹೇಬ ಅದನ್ನು ಚುರುಮುರಿ ಮಾರುವವನಿಗೆ ಕೊಟ್ಟ ಅಂತ ಆಮೇಲೆ ಗೊತ್ತಾಯಿತು.

ಇನ್ನು ಯಾರ ಭರವಸೆಯೂ ಬೇಡ ಅಂತ ತಾನು ಕೈಯಲ್ಲಿ ಬರೆದ ಪೂರ್ತಿ ಪಟ್ಟಿಯನ್ನೇ ಝೆರಾಕ್ಸ್ ಮಾಡಿಸಿಕೊಂಡು, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಕಾಲೇಜಿನಿಂದ ಕಾಲೇಜಿಗೆ ಅಲೆಯತೊಡಗಿದಳು. ತೇರದಾಳದಲ್ಲಿ ಪಟ್ಟಿ ಇಸಿದುಕೊಂಡ ಉಪನ್ಯಾಸಕರು ಅದನ್ನು ಮಡಚಿ ಹಾಜರಿ ಪುಸ್ತಕದಲ್ಲಿಟ್ಟರು. ಅವರು ಅದನ್ನು ಮತ್ತೆ ತೆರೆಯುವುದಿಲ್ಲವೆಂದು ಅವಳಿಗೆ ಆಗಲೇ ತಿಳಿಯಿತು. ಲೋಕಾಪುರದಲ್ಲಿ ಬಸ್ಸು ಬದಲಿಸಿ ಬೀಳಗಿಗೆ ಹೋದರೆ, ಅಲ್ಲಿಯವರು ತಪ್ಪಿನ ವಿಷಯ ಕೇಳಿ ಆಶ್ಚರ್ಯಪಟ್ಟರು. ಅವರ ಕಂಪ್ಯೂಟರುಗಳು ಕೆಟ್ಟು ವರ್ಷವಾಗಿತ್ತು. ಎಲ್ಲವನ್ನೂ ಹಲಗೆಯ ಮೇಲೆಯೇ ಕಲಿಸುತ್ತಿದ್ದರು. "ಬೋರ್ಡಿನ ಮ್ಯಾಲ ಎಲ್ಲಾ ಪ್ರೋಗ್ರಾಮೂ ಓಡತಾವ್ರಿ ಮೇಡಂ" ಅಂದರು.

ಮುಧೋಳದಲ್ಲಿ ಸಿಕ್ಕವನು ಚಿದಾನಂದ. ಅವಳ ಜೊತೆಯಲ್ಲೇ ಎಂಸಿಎ ಓದಿದವನು, ಈಗ ಅಲ್ಲಿ ಅದೇ ವಿಷಯ ಕಲಿಸುತ್ತಿದ್ದ. ಪಟ್ಟಿಯನ್ನು ಪೂರ್ತಿ ಓದಿದವನು ಅವನೊಬ್ಬನೇ. ಎಲ್ಲವೂ ಖರೆ ಅಂತ ಒಪ್ಪಿದ. ಆದರೆ ಮಕ್ಕಳಿಗೆ ಹೇಳುವುದಿಲ್ಲ ಅಂದ.

"ಯಾಕ?" ಎಂದು ಅವಳು ಕೇಳಿದಳು.

"ಹುಡುಗರು ಆಗಲೇ ಬಾಯಿಪಾಠ ಮಾಡ್ಯಾರ. ಪರೀಕ್ಷೆ ಪೇಪರ್ ತಿದ್ದಾವ್ರು ಬಾಜೂಕ ನಿಮ್ಮ ಪುಸ್ತಕ ಇಟ್ಕೊಂಡ ತಿದ್ದತಾರ. ಅವರಿಗೂ ಬಾಯಿಗೆ ಬರಂಗಿಲ್ಲ. ಅಂಥಾದ್ರಾಗ ನಮ್ಮ ಹುಡುಗರು ಸರಿ ಬರದ್ರ ಯಾರಿಗೆ ಲುಕ್ಸಾನ, ಹೇಳ್ರಿ?"

ಆ ಮಾತು ಅವಳಿಗೆ ಹಿಡಿಸಲಿಲ್ಲ. ನಮ್ಮ ಮಕ್ಕಳಿಗೆ ನಾನು ಸರಿಯಾದದ್ದನ್ನೇ ಕಲಿಸುತ್ತೇನೆ ಅಂತ ಹೇಳಿ ಎದ್ದು ಬಂದಳು. ಹಾಗೇ ಕಲಿಸಿದಳು. ಲ್ಯಾಬಿನಲ್ಲಿ ಒಂದೊಂದು ಪುಟ ತೆಗೆಸಿ, ಒಂದೊಂದು ತಪ್ಪನ್ನು ಮಕ್ಕಳ ಕೈಯಿಂದಲೇ ಪೆನ್ಸಿಲ್ಲಿನಲ್ಲಿ ಹೊಡೆಸಿ, ಮೇಲೆ ಸರಿಯಾದದ್ದನ್ನು ಬರೆಸಿದಳು. ಬರೆಸುತ್ತ ಕಾಮಣ್ಣನನ್ನು ಬೈಯುತ್ತಿದ್ದಳು. ಆ ದಿನಗಳಲ್ಲಿ ಅವಳ ಪಾಠವೆಂದರೆ ಅರ್ಧ ಪಾಠ, ಅರ್ಧ ಕಾಮಣ್ಣನ ಮೇಲಿನ ಬೈಗುಳ ಅಂತ ಮಕ್ಕಳು ನಗುತ್ತಿದ್ದರು.

ಜೂನಿನಲ್ಲಿ ಪರೀಕ್ಷೆಯಾಗಿ ಜುಲೈ ಕೊನೆಗೆ ನಿಕಾಲು, ಅಂದರೆ ಫಲಿತಾಂಶ, ಬಂತು. ಉಳಿದವರು ಕಡಿಮೆ ಅಂಕದಲ್ಲಿ ಹೇಗೋ ದಾಟಿದ್ದರು, ತುಬಚಿಯ ಪೂನಮ್ ಮಾತ್ರ ಆ ಒಂದು ವಿಷಯದಲ್ಲಿ ನಪಾಸಾಗಿದ್ದಳು.

ಪೂನಮ್ ಕುರಿ ಕಾಯುವ ಭೀಮಶಿಯ ಮಗಳು. ಮನೆತನದಲ್ಲಿ ಕಾಲೇಜು ಕಂಡವಳು ಅವಳೇ ಮೊದಲು. ಜಮಖಂಡಿಯ ಹಾಸ್ಟೆಲ್ಲಿನಲ್ಲಿದ್ದು ಓದಿದ್ದಳು. ಮಾತು ಕಡಿಮೆ, ಕೈ ಚುರುಕು. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯವರು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಅವಳನ್ನು ಆರಿಸಿಯೂ ಆಗಿತ್ತು. ಆಗಸ್ಟ್ ಮುಗಿಯುವುದರೊಳಗೆ ಪಾಸಾದ ಅಂಕಪಟ್ಟಿ ತಂದು ತೋರಿಸಬೇಕಿತ್ತು. ಎಂಬತ್ತಕ್ಕೆ ಮೂವತ್ತೆರಡು ಬಂದರೆ ಪಾಸು. ಅವಳಿಗೆ ಇಪ್ಪತ್ತೊಂಬತ್ತು ಬಂದಿತ್ತು.

ಫೀ ಕಟ್ಟಿ ತರಿಸಿದ ಉತ್ತರಪತ್ರಿಕೆಯ ಝೆರಾಕ್ಸನ್ನು ಪೂನಮ್ ಲ್ಯಾಬಿಗೆ ತಂದು ಮೇಜಿನ ಮೇಲೆ ಹರವಿದಳು. ಮಧುಮತಿ ಓದತೊಡಗಿದಳು. ನಾಲ್ಕು ಪ್ರೋಗ್ರಾಮುಗಳು. ನಾಲ್ಕೂ ಸರಿ. ಪೂನಮ್ ಸಾಲಿನ ಮೊದಲಿಗೆ ಬರೆದ ಪ್ರತಿಯೊಂದು ಸಣ್ಣ ಅಕ್ಷರದ ಸುತ್ತ ಒಂದು ಸುತ್ತು ಹಾಕಿತ್ತು. ಎಲ್ಲಿ ಪುಸ್ತಕದಲ್ಲಿ ದೊಡ್ಡ ಅಕ್ಷರ ಇತ್ತೋ ಅಲ್ಲೆಲ್ಲ ಅರ್ಧರ್ಧ ಅಂಕ ಕಡಿದಿದ್ದರು. ಮಧುಮತಿ ತನ್ನ ಪಟ್ಟಿ ತೆಗೆದು ಒಂದೊಂದಕ್ಕೂ ನಂಬರು ತಾಳೆ ನೋಡಿದಳು. ಎಪ್ಪತ್ತೆರಡು, ಎಪ್ಪತ್ತೈದು, ನೂರಾ ಎಂಟು. ಎಲ್ಲ ಅವಳ ಪಟ್ಟಿಯಲ್ಲಿದ್ದವೇ.

ಹತ್ತು ಅಂಕದ ಕೊನೆಯ ಪ್ರಶ್ನೆಗೆ ಮೂರೇ ಕೊಟ್ಟಿದ್ದರು. ಪಾಸ್‌ವರ್ಡ್ ಕೇಳಿ, ಸರಿಯಿದ್ದವರನ್ನು ಮಾತ್ರ ಒಳಗೆ ಬಿಡುವ ಪ್ರೋಗ್ರಾಮ್ ಅದು. ಆ ಭಾಷೆಯಲ್ಲಿ ಒಂದು ಸಮಚಿಹ್ನೆ (=) ಹಾಕಿದರೆ 'ಇದನ್ನು ಅದರೊಳಗೆ ಇಡು' ಎಂದರ್ಥ. ಎರಡು ಹಾಕಿದರೆ 'ಎರಡೂ ಒಂದೇ ಏನು ನೋಡು' ಎಂದರ್ಥ. ಪೂನಮ್ ಎರಡು ಹಾಕಿದ್ದಳು. ತಿದ್ದಿದವರು ಎರಡನೆಯದನ್ನು ಅಡ್ಡ ಹೊಡೆದು 'ಪಠ್ಯದಂತಿಲ್ಲ' ಎಂದು ಬದಿಯಲ್ಲಿ ಬರೆದಿದ್ದರು.

ಈ ತಪ್ಪು ಅವಳ ಪಟ್ಟಿಯಲ್ಲಿ ಇರಲಿಲ್ಲ. ಪುಸ್ತಕ ತೆಗೆದು ನೋಡಿದರೆ ಹೌದು, ಒಂದೇ ಸಮಚಿಹ್ನೆ. ಒಂದನ್ನು ಕಾಮಣ್ಣ ಹೆಚ್ಚಾಯಿತೆಂದು ತೆಗೆದು ಒಗೆದಿರಬೇಕು ಅಂದುಕೊಂಡಳು. ಅದನ್ನು ತೋರಿಸಿಯೇ ಬಿಡುವೆನೆಂದು ತನ್ನ ಮೂಲ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದಳು.

ಫೈಲಿನಲ್ಲೂ ಒಂದೇ ಇತ್ತು.

ಅವಳು ಪ್ರೋಗ್ರಾಮನ್ನು ಓಡಿಸಿದಳು. ಸರಿಯಾದ ಪಾಸ್‌ವರ್ಡ್ ಕೊಟ್ಟಳು, ಒಳಗೆ ಬಿಟ್ಟಿತು. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟಳು. ಒಳಗೆ ಬಿಟ್ಟಿತು. ಬರೇ ಒಂದು ಅಕ್ಷರ ಒತ್ತಿದಳು. ಆಗಲೂ ಬಿಟ್ಟಿತು. ಒಂದೇ ಸಮಚಿಹ್ನೆ ಹೋಲಿಸಿ ನೋಡದೆ, ಸರಿಯಾದ ಪಾಸ್‌ವರ್ಡನ್ನು ತಾನೇ ಒಳಗಿಟ್ಟು ಎಲ್ಲರನ್ನೂ ಬಿಡುತ್ತಿತ್ತು. ಪುಸ್ತಕ ಬರೆಯುವಾಗ ಅವಳು ಸರಿಯಾದ ಪಾಸ್‌ವರ್ಡ್ ಒಂದನ್ನೇ ಕೊಟ್ಟು ನೋಡಿದ್ದಳು. ಪುಸ್ತಕಕ್ಕೂ ಮೊದಲಿನಿಂದ ನಾಲ್ಕು ವರ್ಷ ಅದನ್ನೇ ಕಲಿಸಿದ್ದಳು. ಪಟ್ಟಿ ಮಾಡುವಾಗ ಪುಸ್ತಕವನ್ನು ತನ್ನ ಫೈಲಿಗೆ ಹೋಲಿಸಿದ್ದಳೇ ಹೊರತು, ಆ ಫೈಲನ್ನು ಯಾವುದಕ್ಕೂ ಹೋಲಿಸಿರಲಿಲ್ಲ.

ಎರಡು ಹಾಕಬೇಕೆಂದು ನಿನಗೆ ಹೇಗೆ ಗೊತ್ತಾಯಿತು ಅಂತ ಪೂನಮ್‌ಳನ್ನು ಕೇಳಿದಳು. ಫೆಬ್ರುವರಿಯಲ್ಲೇ, ಲ್ಯಾಬಿನಲ್ಲಿ, ಸುಮ್ಮನೆ ತಪ್ಪು ಪಾಸ್‌ವರ್ಡ್ ಹೊಡೆದು ನೋಡಿದಾಗ ಗೊತ್ತಾಯಿತು ಅಂದಳು ಪೂನಮ್.

"ಮತ್ತ ನನಗ್ಯಾಕ ಹೇಳಲಿಲ್ಲ?"

ಪೂನಮ್ ಹೇಳಿದಳು, "ಹೇಳಬೇಕಂತ ಎದ್ದ ಬಂದಿದ್ನಿರಿ. ಅವತ್ತ ನೀವು ಕಾಮಣ್ಣನ್ನ ಬೈಯಾಕತ್ತಿದ್ರಿ. ಬಾಳ ಸಿಟ್ಟಿನಾಗಿದ್ರಿ. ಹಂಗ ಹೋಗಿ ಕುಂತ್ನಿ."

ಮಧುಮತಿ ಅಂದೇ ಅರ್ಜಿ ಬರೆದಳು. ಪೂನಮ್ ಬರೆದ ಉತ್ತರ ಸರಿ, ಪುಸ್ತಕ ತಪ್ಪು, ಆ ಪುಸ್ತಕ ಬರೆದವಳು ನಾನೇ ಅಂತ ಸಹಿ ಮಾಡಿದಳು. ಅಂಚೆಗೆ ಹಾಕಿದರೆ ಎಲ್ಲಿಯೋ ಕೂತುಬಿಡುತ್ತದೆಂದು ಪೂನಮ್‌ಳನ್ನು ಕರೆದುಕೊಂಡು ತಾನೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋದಳು. ಅಲ್ಲಿ ಮರುಮೌಲ್ಯಮಾಪನದ ಕಾಗದ ನೋಡುತ್ತಿದ್ದ ಅಧಿಕಾರಿಯ ಹೆಸರು ಗಿರಿಮಲ್ಲಪ್ಪ. ಅವರನ್ನು ನೋಡಲು ಇಬ್ಬರೂ ಮೂರು ತಾಸು ಬೆಂಚಿನ ಮೇಲೆ ಕೂತರು. ಗಿರಿಮಲ್ಲಪ್ಪ ಅರ್ಜಿಯನ್ನು ಎರಡು ಸಲ ಓದಿದರು. ಉತ್ತರ ಸರಿ ಎನ್ನಲು ಮಾನ್ಯವಾದ ಪಠ್ಯಪುಸ್ತಕದ ಪುಟ ಲಗತ್ತಿಸಬೇಕು ಅಂದರು. ಮಧುಮತಿ ಬೇರೆ ಎರಡು ದಪ್ಪ ಪುಸ್ತಕಗಳನ್ನು ಹೊತ್ತು ತಂದಿದ್ದಳು. ಅವು ಪಟ್ಟಿಯಲ್ಲಿಲ್ಲ ಅಂದರು. ಹಾಗಾದರೆ ನಿಮ್ಮ ಈ ಕಂಪ್ಯೂಟರಿನಲ್ಲೇ ಎರಡು ನಿಮಿಷದಲ್ಲಿ ಓಡಿಸಿ ತೋರಿಸುತ್ತೇನೆ ಅಂದಳು. ಅದು ನಿಕಾಲು ಏರಿಸುವ ಮಷೀನು, ಬೇರೆ ಕೆಲಸಕ್ಕೆ ಮುಟ್ಟುವಂತಿಲ್ಲ ಅಂದರು.

ಆಮೇಲೆ ಅವರು ಕನ್ನಡಕ ತೆಗೆದು ಸಮಾಧಾನದಿಂದಲೇ ಕೇಳಿದರು, "ಪುಸ್ತಕದಾಗ ಒಂದ ಐತಿ. ಆ ಪುಸ್ತಕದ ಮ್ಯಾಲ ನಿಮ್ಮ ಹೆಸರೈತಿ. ಈಗ ಅದ ಹೆಸರಿನಿಂದ ಅರ್ಜಿ ಬರದು ಪುಸ್ತಕ ಸುಳ್ಳು ಅಂತೀರಿ. ನಾವು ಯಾವ ಮಧುಮತಿ ಮಾತ ಹಿಡೀಬೇಕ್ರಿ?"

"ಈಗ ನಿಮ್ಮ ಮುಂದ ನಿಂತಾಕಿದು" ಎಂದಳು ಅವಳು.

ಅವರು ಅರ್ಜಿಯ ಮೇಲೆ ಠಸೆ ಹೊಡೆದು ಇಟ್ಟುಕೊಂಡರು. ಸೆಪ್ಟೆಂಬರ್ ನಡುವೆ ಕಾಗದ ಬಂತು. ಬದಲಾವಣೆ ಇಲ್ಲ. ಎರಡನೆಯ ಸಲ ತಿದ್ದಿದವರೂ ಅದೇ ಪುಸ್ತಕ ಮುಂದಿಟ್ಟುಕೊಂಡೇ ತಿದ್ದಿದ್ದರು. ಅಷ್ಟರಲ್ಲಿ ಕಾರ್ಖಾನೆಯವರು ಆ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದರು.

ನವೆಂಬರಿನಲ್ಲಿ ಪೂನಮ್ ಮತ್ತೆ ಪರೀಕ್ಷೆಗೆ ಕೂಡಬೇಕಾಯಿತು. ಪರೀಕ್ಷೆಯ ಹಿಂದಿನ ದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬಾ ಅಂದರೂ ಬರಲಿಲ್ಲ. ಕೈಯಲ್ಲಿ ಪುಸ್ತಕವಿತ್ತು. ಪೆನ್ಸಿಲ್ಲಿನಿಂದ ತಿದ್ದಿದ್ದನ್ನೆಲ್ಲ ರಬ್ಬರಿನಿಂದ ಅಳಿಸಿದ ಗುರುತು ಪುಟದ ಅಂಚಿನವರೆಗೆ ಕಾಣುತ್ತಿತ್ತು.

"ಮೇಡಂ, ಒಂದ ಕೇಳೂದಿತ್ರಿ. ಆ ಪ್ರಶ್ನೆ ಮತ್ತ ಬಂದ್ರ ಒಂದ ಹಾಕಲ್ಯೋ, ಎರಡೋ?"

ಮಧುಮತಿಗೆ ಮುಧೋಳದ ಚಿದಾನಂದನ ಮೇಲೆ, ಅವನ ಆ ಲುಕ್ಸಾನದ ಮಾತಿನ ಮೇಲೆ, ಗಿರಿಮಲ್ಲಪ್ಪನವರ ಠಸೆಯ ಮೇಲೆ, ಎಲ್ಲದರ ಮೇಲೂ ಸಿಟ್ಟು ಉಕ್ಕಿತು. ಆದರೆ ಬಾಗಿಲಲ್ಲಿ ನಿಂತವಳಿಗೆ ಅವರಾರೂ ಉತ್ತರ ಕೊಡುವಂತಿರಲಿಲ್ಲ. ಎರಡು ಹಾಕು, ಸರಿಯಾದದ್ದನ್ನೇ ಬರಿ ಅನ್ನುವುದು ಸುಲಭವಿತ್ತು. ಅದರ ಬೆಲೆ ತೆರುವವಳು ಮಾತ್ರ ಪೂನಮ್.

"ಒಂದ ಹಾಕು" ಎಂದಳು. "ದೊಡ್ಡ ಅಕ್ಷರಾನೂ ಪುಸ್ತಕದಾಗ ಇದ್ದಂಗ ಬರಿ."

ಪೂನಮ್ ತಲೆಯಾಡಿಸಿ ಹೋದಳು. ಆ ದಿನ ಮಧುಮತಿ ಮುಂದಿನ ತಾಸಿನ ಪಾಠಕ್ಕೆ ಹೋಗಲಿಲ್ಲ. ತಲೆನೋವು ಅಂತ ಚೀಟಿ ಬರೆದುಕೊಟ್ಟು ಮನೆಗೆ ಬಂದಳು. ಮನೆಗೆ ಬಂದವಳು ಜಗಲಿಯ ಮೇಲಿನ ಪುಸ್ತಕ ತೆಗೆದು ಟ್ರಂಕಿನಲ್ಲಿ ಹಾಕಿದಳು. ಗುರುಬಸವ್ವ ಪುಸ್ತಕವಿದ್ದ ಜಾಗದಲ್ಲಿ ಉದುರಿದ್ದ ವಿಭೂತಿಯನ್ನು ಸೆರಗಿನಿಂದ ಒರೆಸಿದಳು.

ಪೂನಮ್‌ಗೆ ಈ ಸಲ ಎಂಬತ್ತಕ್ಕೆ ಅರವತ್ತೊಂದು ಬಂತು. ಒಂದೂ ಓಡದ ನಾಲ್ಕು ಪ್ರೋಗ್ರಾಮು ಬರೆದು ಅವಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಕಾರ್ಖಾನೆಯಲ್ಲಿ ಆಫೀಸಿನ ಜಾಗವಂತೂ ಹೋಗಿತ್ತು. ಕಬ್ಬು ನುರಿಸುವ ಹಂಗಾಮಿನಲ್ಲಿ ತೂಕದ ಕಾಟಾದ ಹತ್ತಿರ ಗಾಡಿಗಳ ತೂಕ ಕಂಪ್ಯೂಟರಿಗೆ ಏರಿಸುವ ದಿನಗೂಲಿ ಕೆಲಸ ಸಿಕ್ಕಿತು.

ಮರುವರ್ಷ ಪುಸ್ತಕದ ಪ್ರತಿಗಳು ಮುಗಿದಾಗ ಅಣ್ಣಾಸಾಹೇಬ ತಾನೇ ಹೇಳಿ ಕಳಿಸಿದ. ಹಾಗೇ ಮತ್ತೆ ಅಚ್ಚು ಹಾಕಿಸುವ ವಿಚಾರ ಅವನದು. ತಿದ್ದದಿದ್ದರೆ ನನ್ನ ಹೆಸರು ತೆಗೆಯಿರಿ ಅಂದಳು ಮಧುಮತಿ. ಪಟ್ಟಿಯಲ್ಲಿರುವ ಪುಸ್ತಕದ ಮೇಲಿನ ಹೆಸರು ತೆಗೆದರೆ ಪಟ್ಟಿಯಿಂದಲೇ ಹೋಗುತ್ತದೆಂದು ಅವನು ಕೊನೆಗೆ ತಿದ್ದಲು ಒಪ್ಪಿದ. ಬೇಸಿಗೆ ರಜೆಯಲ್ಲಿ ಹನ್ನೊಂದು ದಿನ ಅವಳು ಬನಹಟ್ಟಿಗೆ ಹೋಗಿ ಕಾಮಣ್ಣನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಮೊದಲನೆಯ ದಿನವೇ ಅವನ ಮಷೀನಿನಲ್ಲಿ ಅಕ್ಷರಗಳನ್ನು ತಾನೇ ತಿದ್ದುವ ವ್ಯವಸ್ಥೆಯನ್ನು ಹುಡುಕಿ ಬಂದ್ ಮಾಡಿದಳು. ಆರು ಕಡೆ ಟಿಕ್ ಗುರುತು ತೆಗೆಯುವ ಕೆಲಸ, ಅಷ್ಟೇ. ಮೊದಲೇ ತೋರಿಸಿದ್ದರೆ ಮಾಡುತ್ತಿದ್ದೆನಲ್ಲ ಅಂತ ಕಾಮಣ್ಣ ಬೇಜಾರಿನಿಂದ ಹೇಳಿದ. ಪ್ರತಿ ಪ್ರೋಗ್ರಾಮನ್ನು ಪುಟದಿಂದಲೇ ನೋಡಿ ಹೊಸದಾಗಿ ಟೈಪ್ ಮಾಡಿ ಓಡಿಸಿದಳು, ಸರಿಯಾದದ್ದನ್ನೂ ಕೊಟ್ಟು, ತಪ್ಪನ್ನೂ ಕೊಟ್ಟು. ತನ್ನವೇ ಆದ ತಪ್ಪು ಇನ್ನೂ ಆರು ಸಿಕ್ಕವು.

ಮುನ್ನುಡಿಗೆ ಒಂದು ಸಾಲು ಸೇರಿಸಿದಳು. ಪಾಸ್‌ವರ್ಡಿನ ಪ್ರೋಗ್ರಾಮಿನಲ್ಲಿದ್ದ ತಪ್ಪು ಲೇಖಕಿಯದೇ, ಅದನ್ನು ಮೊದಲು ಕಂಡುಹಿಡಿದವಳು ತುಬಚಿಯ ಭೀಮಶಿಯವರ ಮಗಳು ಪೂನಮ್ ಎಂದು. ಇಂಥದನ್ನು ಯಾರಾದರೂ ಅಚ್ಚು ಹಾಕುತ್ತಾರೇನು ಅಂತ ಅಣ್ಣಾಸಾಹೇಬ ಗೊಣಗಿದ. ಅವಳು ಆ ಸಾಲು ತೆಗೆಯಲು ಒಪ್ಪಲಿಲ್ಲ.

ತಿದ್ದಿದ ಪುಸ್ತಕ ಎರಡು ಸಾವಿರದ ಎಂಟರ ಆಗಸ್ಟಿನಲ್ಲಿ ಬಂತು. ಅದೇ ತಿಂಗಳು ವಿಶ್ವವಿದ್ಯಾಲಯದ ಸುತ್ತೋಲೆಯೂ ಬಂತು. ಪಠ್ಯಕ್ರಮ ಬದಲಾಗಿತ್ತು. ಆ ವಿಷಯದ ಮುಕ್ಕಾಲು ಪಾಲು ತೆಗೆದು ಬೇರೆ ಸೇರಿಸಿದ್ದರು. ಹಳೆ ಪಠ್ಯಕ್ಕೆ ಪರೀಕ್ಷೆ ಬರೆಯುವವರು ನಪಾಸಾದವರು ಮಾತ್ರ, ಅವರ ಕೈಯಲ್ಲಿ ಹಳೆ ಪುಸ್ತಕವೇ ಇತ್ತು. ಅಣ್ಣಾಸಾಹೇಬ ಹೊಸ ಪ್ರತಿಗಳನ್ನು ಅಟ್ಟಕ್ಕೆ ಏರಿಸಿದ. ಅವಳನ್ನು ಕಂಡಾಗ ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು ಅಂತ ಅವಳಿಗೆ ಅನಿಸುತ್ತಿತ್ತು.

ಡಿಸೆಂಬರಿನ ಒಂದು ರವಿವಾರ ಅವಳು ಒಂದು ಪ್ರತಿ ತೆಗೆದುಕೊಂಡು ಮುಧೋಳದ ಕಡೆ ಕಾರ್ಖಾನೆಗೆ ಹೋದಳು. ಕಬ್ಬಿನ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿ ನಿಂತಿದ್ದವು. ಪೂನಮ್ ಕಾಟಾದ ಖೋಲಿಯಿಂದ ಹೊರಗೆ ಬಂದು, ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು. ಮಧುಮತಿ ಮುನ್ನುಡಿಯ ಪುಟ ತೆಗೆದು ತೋರಿಸಿದಳು. ಪೂನಮ್ ಆ ಸಾಲನ್ನು ನಿಧಾನವಾಗಿ ಓದಿದಳು. ಅಪ್ಪನಿಗೆ ಓದಿ ಹೇಳುತ್ತೇನೆ ಅಂದಳು.

"ಹೆಸರ ಹಾಕಿದ್ದು ಛಲೋ ಆತ್ರಿ ಮೇಡಂ" ಎಂದಳು. "ಆದ್ರ ನನ್ನ ಅಂಕಪಟ್ಟಿ ಮ್ಯಾಲ ಎರಡನೇ ಪ್ರಯತ್ನ ಅಂತ ಬರದಾರ. ಎಲ್ಲಿ ಕೆಲಸಕ್ಕ ಹೋದ್ರೂ ಮೊದಲ ಅದನ್ನ ಕೇಳತಾರ. ಅದನ್ನ ಯಾರ ತಿದ್ದತಾರ್ರಿ?"

ಅಷ್ಟರಲ್ಲಿ ಒಳಗಿನಿಂದ ಯಾರೋ ಪೂನಮ್‌ಳನ್ನು ಕೂಗಿದರು. ಅಂಕಪಟ್ಟಿಯ ಒಂದು ಝೆರಾಕ್ಸ್ ಕಳಿಸು ಅಂತ ಮಾತ್ರ ಮಧುಮತಿಗೆ ಹೇಳಲು ಆಯಿತು. ಪೂನಮ್ ಹ್ಞೂಂ ಅಂದು ಕಿಟಕಿಯ ಹಿಂದೆ ಹೋಗಿ ಕೂತಳು. ಮುಂದಿನ ಗಾಡಿ ಕಾಟಾದ ಮೇಲೆ ಏರಿತು.

ಎಂಟು ದಿನದ ನಂತರ ಭೀಮಶಿಯೇ ಕಾಲೇಜಿಗೆ ಬಂದ. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರೇಶ್ವರನ ಅರಿಶಿನ ಭಂಡಾರ. ಸ್ಟಾಫ್ ರೂಮಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ತಂದಿದ್ದ ಅಂಕಪಟ್ಟಿಯ ಝೆರಾಕ್ಸ್ ಕೊಟ್ಟ. ಅವಳು ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಇದು ಆಗತೈತೇನ್ರಿ ಅಕ್ಕಾರ?" ಎಂದು ಕೇಳಿದ.

"ಗೊತ್ತಿಲ್ಲರಿ" ಎಂದಳು ಮಧುಮತಿ. "ಬರದು ನೋಡತೇನಿ."

ಅವನು ತಲೆಯಾಡಿಸಿ ಹೋದ. ಅವಳು ಒಂದು ಬಿಳಿ ಹಾಳೆ ತೆಗೆದು ವಿಶ್ವವಿದ್ಯಾಲಯಕ್ಕೆ ಮತ್ತೊಂದು ಅರ್ಜಿ ಬರೆಯಲು ಕೂತಳು. ತಿದ್ದಿದ ಪುಸ್ತಕದ ಪುಟವನ್ನು ಲಗತ್ತಿಸಿದಳು. ಈಗ ಆ ಪುಸ್ತಕವೂ ವಿಶ್ವವಿದ್ಯಾಲಯದ ಮಾನ್ಯ ಪಟ್ಟಿಯಲ್ಲಿ ಇರಲಿಲ್ಲ, ಅದು ಅವಳಿಗೆ ಗೊತ್ತಿತ್ತು.